ಹೆಣ್ಣುಮಕ್ಕಳ ವ್ಯಾಯಾಮಕ್ಕೆ ತಕ್ಕ ಉಡುಪು

ಹುಡುಗಿಯರ ಶಾಲೆಯ ಆಟದ ಬಯಲಿನಲ್ಲಿ ಒಂದು ನೋಟವು ಸಾಮಾನ್ಯವಾದದ್ದು. ಐದನೆಯ ಇಯತ್ತೆಯಲ್ಲಿ ಚಿಗರೆಯಂತೆ ಓಡುತ್ತಿದ್ದವಳು ಎಂಟನೆಯ ಇಯತ್ತೆಗೆ ಬರುವಷ್ಟರಲ್ಲಿ ಬೇವಿನ ಗಿಡದ ನೆರಳು ಹಿಡಿದು ಕೂಡ್ರುತ್ತಾಳೆ. ಕೇಳಿದರೆ ತಲೆನೋವೆನ್ನುವಳು. ಪಾಲಕರು ಇದನ್ನು ವಯಸ್ಸಿನ ಸ್ವಭಾವವೆಂದು ತಿಳಿದು ಸುಮ್ಮನಾಗುವರು. ಆದರೆ ನಿಜವಾದ ಕಾರಣವು ಅನೇಕ ವೇಳೆ ಅವಳ ಮೈಮೇಲಿನ ಅರಿವೆಯಲ್ಲಿಯೇ ಇರುತ್ತದೆ. ಓಡಿದರೆ ಜಾರುವ, ಬಗ್ಗಿದರೆ ಬಿಗಿಯುವ, ಬೆವತರೆ ಮೈಗಂಟಿ ಒಳಗಿನದನ್ನು ತೋರಿಸುವ ಉಡುಪನ್ನು ತೊಟ್ಟು ಹತ್ತು ಜನರೆದುರಿಗೆ ಆಡುವ ಧೈರ್ಯವು ಯಾವ ಹುಡುಗಿಗೆ ಬಂದೀತು? ಆದಕಾರಣ ಈ ಸ್ಮರಣ ಸಂಚಿಕೆಯ ಮೂಲಕ ನಮ್ಮ ಪಾಲಕರ ಮುಂದೆಯೂ, ಈಗ ತಾವೇ ತಾಯಂದಿರಾಗಿರುವ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಈ ವಿಷಯವನ್ನಿಡುತ್ತೇನೆ. ಬೆಳಗಿನ ನಡಿಗೆಗೋ ಯೋಗಾಸನಕ್ಕೋ ಹೊರಡುವ ತಾಯಂದಿರಿಗೂ ಇದು ಸಲ್ಲತಕ್ಕದ್ದೇ ಆಗಿದೆ.

ಒಳ್ಳೆಯ ವ್ಯಾಯಾಮದ ಉಡುಪು ಯಾವದೆಂದರೆ, ತೊಟ್ಟವಳು ಆಡುವಾಗ ಅದನ್ನು ಮರೆತುಬಿಡುವಂಥದು. ಆಟದ ನಡುವೆ ಅವಳ ಕೈ ಮತ್ತೆ ಮತ್ತೆ ಸೊಂಟಕ್ಕೋ ಹೆಗಲಿಗೋ ಹೋಗಿ ಅರಿವೆಯನ್ನು ಸರಿಪಡಿಸುತ್ತಿದ್ದರೆ, ಆ ಉಡುಪಿನ ಬೆಲೆಯು ಎಷ್ಟೇ ಇರಲಿ, ಅದರ ಮೇಲೆ ಎಂಥ ಹೆಸರೇ ಇರಲಿ, ಅದು ಒಳ್ಳೆಯದಲ್ಲ. ಮುಂದೆ ಹೇಳುವದೆಲ್ಲವೂ ಈ ಒಂದು ಮಾತಿನ ವಿವರಣೆಯೇ.

ನಮ್ಮ ನಾಡಿಗೆ ಇದು ಹೊಸ ವಿಚಾರವೇನೂ ಅಲ್ಲ. ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಕಳೆ ತೆಗೆಯುತ್ತ, ಹತ್ತಿ ಬಿಡಿಸುತ್ತ ದಿನವೆಲ್ಲ ದುಡಿದ ಅಜ್ಜಿಯರು ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದರು. ಅರಿವೆಯನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ತಂದು ಸೊಂಟಕ್ಕೆ ಸಿಗಿಸುವದರಿಂದ ಎರಡೂ ಕಾಲುಗಳು ಬೇರೆಬೇರೆಯಾಗಿ ಆಡುವವು. ಕುಕ್ಕರಗಾಲಿನಲ್ಲಿ ಕುಳಿತರೂ ಬದುವು ದಾಟಿದರೂ ಸೀರೆಯು ತೊಡರದು. ಮೈ ಮುಚ್ಚುವದಕ್ಕೂ ಮೈ ಆಡುವದಕ್ಕೂ ವಿರೋಧವಿಲ್ಲವೆಂಬದನ್ನು ಅವರು ಯಾವ ಪುಸ್ತಕವನ್ನೂ ಓದದೆ ಅರಿತಿದ್ದರು.

ಮೊದಲನೆಯದಾಗಿ ಅರಿವೆಯ ವಿಚಾರ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿಯು ಸುಮಾರು 8.5 ಗ್ರಾಂ ತೇವವನ್ನು ತನ್ನಲ್ಲಿ ಹಿಡಿದುಕೊಳ್ಳುತ್ತದೆ. ಅಷ್ಟೇ ತೂಕದ ಪಾಲಿಯೆಸ್ಟರು ಹಿಡಿಯುವದು 0.4 ಗ್ರಾಂ ಮಾತ್ರ. ಈ ಒಂದು ಭೇದದಿಂದಲೇ ಎರಡರ ಗುಣದೋಷಗಳೂ ಹುಟ್ಟುತ್ತವೆ. ಹತ್ತಿಯು ಬೆವರನ್ನು ಹೀರಿ ಮೈಗೆ ಹಿತವಾಗಿರುತ್ತದೆ. ಆದರೆ ಬಹಳ ಬೆವತಾಗ ಭಾರವಾಗಿ ಜೋತುಬೀಳುತ್ತದೆ, ಬೇಗನೆ ಒಣಗುವದಿಲ್ಲ. ಪಾಲಿಯೆಸ್ಟರು ಹಗುರವಾಗಿದ್ದು ಬೇಗ ಒಣಗುತ್ತದೆ. ಆದರೆ ನೇಯ್ಗೆಯು ಒತ್ತಾಗಿದ್ದರೆ ಬೆವರು ಮೈಮೇಲೆಯೇ ನಿಲ್ಲುವದು, ವಾಸನೆಯೂ ಅದರಲ್ಲಿ ಬೇಗ ನೆಲೆಸುವದು. ಆದ್ದರಿಂದ ನವಲಗುಂದದ ಬೇಸಗೆಯ ಒಣ ಬಿಸಿಲಿಗೆ ಸಡಿಲಾದ ಹತ್ತಿಯ ಅಂಗಿಯು ಉತ್ತಮ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಕಡೆಗೆ, ಶ್ರಾವಣದಲ್ಲಿ ಒಗೆದದ್ದು ಎರಡು ದಿನವಾದರೂ ಒಣಗದಿರುವಾಗ, ಸಣ್ಣ ರಂಧ್ರಗಳುಳ್ಳ ಪಾಲಿಯೆಸ್ಟರು ಅಥವಾ ಬೆರಕೆಯ ಅರಿವೆಯು ಅನುಕೂಲ. ಒಂದೇ ಜಿಲ್ಲೆಯೊಳಗೂ ಒಬ್ಬಳಿಗೆ ಸರಿಯಾದದ್ದು ಇನ್ನೊಬ್ಬಳಿಗೆ ಸರಿಯಾಗಲಾರದು.

ಹತ್ತಿಯಲ್ಲಿಯೂ ತರತಮವುಂಟು. ಉದ್ದ ಎಳೆಯ ಹತ್ತಿಯಿಂದ ನಯವೂ ಗಟ್ಟಿಯೂ ಆದ ನೂಲು ಬರುತ್ತದೆ. 1972ರಲ್ಲಿ ಧಾರವಾಡದಿಂದ ಹೊರಬಂದ ‘ವರಲಕ್ಷ್ಮಿ’ ಸಂಕರ ತಳಿಯು ಇಂಥ ಎಳೆಗಾಗಿಯೇ ಹೆಸರಾಯಿತು. ಗಿಡ್ಡ ಎಳೆಯ ನೂಲಿನ ಅರಿವೆಯ ಮೇಲೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಸಣ್ಣ ಸಣ್ಣ ಗಂಟುಗಳೇಳುವವು. ಇನ್ನು ಎಳೆದಂತೆ ಹಿಗ್ಗುವ ಉಡುಪುಗಳಲ್ಲಿ ಲೈಕ್ರಾ ಎಂಬ ಎಳೆಯು ಬೆರೆತಿರುತ್ತದೆ. ಇದನ್ನು 1958ರಲ್ಲಿ ಅಮೆರಿಕದ ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞನು ಕಂಡುಹಿಡಿದನು. ನೂರಕ್ಕೆ ನಾಲ್ಕೈದು ಪಾಲು ಇದ್ದರೂ ಅರಿವೆಗೆ ಸಾಕಷ್ಟು ಹಿಗ್ಗು ಬರುತ್ತದೆ. ಯಾವ ಎಳೆ ಎಷ್ಟು ಪಾಲೆಂಬದು ಒಳಗಡೆಯ ಚೀಟಿಯಲ್ಲಿರುತ್ತದೆ. ಬೆಲೆಯ ಚೀಟಿಗಿಂತ ಮೊದಲು ಅದನ್ನು ಓದಬೇಕು.

ನಮ್ಮ ಜಿಲ್ಲೆಯ ಗರಗ ಗ್ರಾಮವೂ ಹುಬ್ಬಳ್ಳಿಯ ಬೆಂಗೇರಿಯೂ ರಾಷ್ಟ್ರಧ್ವಜದ ಖಾದಿಗಾಗಿ ಹೆಸರಾದವು. ಧ್ವಜದ ಅರಿವೆಯನ್ನು ನೂಲಿನ ಎಣಿಕೆ, ತೂಕ, ಬಣ್ಣದ ಗಟ್ಟಿತನಗಳಲ್ಲಿ ಪರೀಕ್ಷಿಸಿಯೇ ಒಪ್ಪುತ್ತಾರೆ. ನಮ್ಮ ಹೆಣ್ಣುಮಕ್ಕಳ ಮೈಮೇಲಿನ ಅರಿವೆಗೂ ಅಂಗಡಿಯಲ್ಲಿಯೇ ನಾಲ್ಕು ಪರೀಕ್ಷೆಗಳು ಸಲ್ಲಬೇಡವೇ? ಅರಿವೆಯನ್ನು ಬೆಳಕಿಗೆ ಹಿಡಿದು ಹಿಂದೆ ಕೈಯಿಟ್ಟು ನೋಡಿರಿ. ಬೆರಳುಗಳನ್ನು ಎಣಿಸಬಹುದಾದರೆ ಅದು ತೀರ ತೆಳುವು. ಎಳೆದು ಬಿಡಿರಿ, ಮೊದಲಿನಂತಾಗದಿದ್ದರೆ ಮೊಣಕಾಲಿನಲ್ಲಿ ಬೇಗ ಜೋಲುವದು. ಒದ್ದೆಯಾದ ಬಿಳಿಯ ಕರವಸ್ತ್ರದಿಂದ ಉಜ್ಜಿರಿ. ಬಣ್ಣ ಹತ್ತಿದರೆ ಬೆವರಿನಲ್ಲಿಯೂ ಹತ್ತುವದು. ಕಡೆಗೆ ಉಡುಪನ್ನು ಒಳಹೊರಗು ಮಾಡಿ ಹೊಲಿಗೆಯನ್ನು ನೋಡಿರಿ.

ಹೊಲಿಗೆಯ ಬಲವು ಖೋಖೋ ಆಟದಲ್ಲಿ ತಿಳಿಯುತ್ತದೆ. ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನರು ಸಾಲಾಗಿ ಕುಕ್ಕರಿಸಿ ಕುಳಿತಿರುತ್ತಾರೆ. ‘ಖೋ’ ಎಂದೊಡನೆ ಚಿಮ್ಮಿ ಏಳಬೇಕು. ಅಗ್ಗದ ಪ್ಯಾಂಟು ಹರಿಯುವದು ಇಲ್ಲಿಯೇ. ಎರಡು ಕಾಲುಗಳು ಕೂಡುವಲ್ಲಿ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿಗೆ ಬಂದು ಸೇರಿದ್ದರೆ ಎಳೆತವೆಲ್ಲ ಅದರ ಮೇಲೆ ಬೀಳುತ್ತದೆ. ಅಲ್ಲಿ ಚೌಕಾದ ಒಂದು ತುಂಡನ್ನು ಸೇರಿಸಿ ಹೊಲಿದಿದ್ದರೆ ಎಳೆತವು ಹಂಚಿಹೋಗುತ್ತದೆ. ಊರಿನ ಸಿಂಪಿಗನು ಇದನ್ನು ಅಲ್ಪ ಖರ್ಚಿನಲ್ಲಿ ಮಾಡಿಕೊಡಬಲ್ಲನು. ಸೊಂಟದಲ್ಲಿ ರಬ್ಬರಿನ ಪಟ್ಟಿಯ ಜೊತೆಗೆ ಲಾಡಿಯೂ ಇರಬೇಕು. ಕಬಡ್ಡಿಯಲ್ಲಿ ಹಿಡಿದೆಳೆಯುವದರಿಂದ ಹೆಗಲಿನ ಹೊಲಿಗೆಯು ಜೋಡಾಗಿರತಕ್ಕದ್ದು. ದುಪಟ್ಟ, ಪಿನ್ನು, ಗಾಜಿನ ಬಳೆಗಳು ಆಟದ ಬಯಲಿಗೆ ಬರಕೂಡದು. ದುಪಟ್ಟವಿಲ್ಲದೆ ಸಂಕೋಚವಾಗುವದಾದರೆ ಅಂಗಿಯನ್ನೇ ತುಸು ಉದ್ದವಾಗಿಯೂ ದಪ್ಪ ಅರಿವೆಯದಾಗಿಯೂ ಆರಿಸಬೇಕು.

ತಾಯಂದಿರು ಮಗಳೊಡನೆ ಮಾತನಾಡಲು ಹಿಂಜರಿಯುವ ವಿಷಯವು ಒಳಉಡುಪಿನದು. ಓಡುವಾಗ ಎದೆಗೆ ಆಧಾರವಿಲ್ಲದಿದ್ದರೆ ನೋವಾಗುತ್ತದೆ. ನೋವಿಗಿಂತ ನಾಚಿಕೆಯು ಹೆಚ್ಚಾಗಿ ಹುಡುಗಿಯು ಓಟವನ್ನೇ ಬಿಡುತ್ತಾಳೆ. 1977ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಸ್ತ್ರೀಯರು ಗಂಡಸರ ಎರಡು ಕ್ರೀಡಾ ಒಳಉಡುಪುಗಳನ್ನು ಕೂಡಿಸಿ ಹೊಲಿದು ಮೊದಲ ಸ್ಪೋರ್ಟ್ಸ್ ಬ್ರಾ ಸಿದ್ಧಪಡಿಸಿದರು. ತಮ್ಮ ತೊಂದರೆಯನ್ನು ಬಾಯಿಬಿಟ್ಟು ಹೇಳಿಕೊಂಡದ್ದರಿಂದಲೇ ಅದಕ್ಕೆ ಪರಿಹಾರವು ದೊರೆಯಿತು. ಅದರ ಕೆಳಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಸಡಿಲಿರಬೇಕು. ಕೈ ಮೇಲೆತ್ತಿದಾಗ ಪಟ್ಟಿಯು ಮೇಲಕ್ಕೆ ಸರಿಯಬಾರದು. ಉಸಿರು ಸಲೀಸಾಗಿ ಆಡಬೇಕು.

ಬಣ್ಣದ ವಿಷಯವನ್ನೂ ಹೇಳಲೇಬೇಕು. ಅನೇಕ ಶಾಲೆಗಳಲ್ಲಿ ಶನಿವಾರದ ಕವಾಯತಿಗೆ ಬಿಳಿಯ ಸಮವಸ್ತ್ರವಿರುತ್ತದೆ. ಸಾಲಾಗಿ ನಿಂತಾಗ ಅದು ಅಂದವಾಗಿ ಕಾಣುವದು ನಿಜ. ಆದರೆ ತಿಂಗಳ ದಿನಗಳಲ್ಲಿ ಹುಡುಗಿಯ ಮನಸ್ಸೆಲ್ಲ ತನ್ನ ಬೆನ್ನ ಹಿಂದೆಯೇ ಇರುತ್ತದೆ; ಕೆಲವರು ಆ ಶನಿವಾರ ಶಾಲೆಗೇ ಬಾರದೆ ಉಳಿಯುತ್ತಾರೆ. ಬಿಳಿಯ ಉಡುಪಿನ ನಿಯಮಕ್ಕೆ ಹೆಸರಾದ ವಿಂಬಲ್ಡನ್ ಟೆನಿಸ್ ಪಂದ್ಯಗಳಲ್ಲಿಯೂ 2023ರಿಂದ ಸ್ತ್ರೀಯರು ಒಳಗೆ ಗಾಢ ಬಣ್ಣದ ಚಡ್ಡಿ ತೊಡಲು ಅನುಮತಿ ದೊರೆಯಿತು. ಅಲ್ಲಿ ಸಡಿಲಿಸಬಹುದಾದ ನಿಯಮವನ್ನು ನಮ್ಮ ಎರೆಮಣ್ಣಿನ ಬಯಲಿನಲ್ಲಿ ಹಿಡಿದುಕೊಂಡು ಕೂಡ್ರುವದರಲ್ಲಿ ಅರ್ಥವಿಲ್ಲ. ಸೊಂಟದಿಂದ ಕೆಳಗೆ ಕಡುನೀಲಿ ಅಥವಾ ಕಪ್ಪು ಬಣ್ಣವೇ ಯೋಗ್ಯವು.

ಉದ್ದವೆಷ್ಟಿರಬೇಕೆಂದು ಹಿರಿಯರು ಕೇಳುವದುಂಟು. 2021ರಲ್ಲಿ ನಾರ್ವೆ ದೇಶದ ಬೀಚ್ ಹ್ಯಾಂಡ್‌ಬಾಲ್ ತಂಡದ ಸ್ತ್ರೀಯರು ನಿಯಮದಲ್ಲಿದ್ದ ತೀರ ಗಿಡ್ಡ ಉಡುಪನ್ನು ಬಿಟ್ಟು ಚಡ್ಡಿ ತೊಟ್ಟು ಆಡಿ ದಂಡ ತೆತ್ತರು. ಅದೇ ವರ್ಷ ಆ ನಿಯಮವೇ ಬದಲಾಯಿತು. ಉದ್ದವೋ ಗಿಡ್ಡವೋ, ಆಡುವವಳಿಗೆ ನೆಮ್ಮದಿಯನ್ನು ಕೊಡುವದೇ ಸರಿಯಾದ ಅಳತೆಯು. ಪಾದದವರೆಗೆ ಮುಚ್ಚುವ ಉಡುಪಿನಲ್ಲಿಯೂ ಚೆನ್ನಾಗಿ ಓಡಬಹುದು, ಅದನ್ನು ತಿಳಿದು ಹೊಲಿದಿದ್ದರೆ.

ಕೊಂಡ ಉಡುಪನ್ನು ಕಾಯುವದೂ ಜಾಣತನವೇ. ಹಿಗ್ಗುವ ಅರಿವೆಗೆ ಕುದಿನೀರೂ ಬಿಸಿ ಇಸ್ತ್ರಿಯೂ ವೈರಿಗಳು. ಬೆವತ ಉಡುಪನ್ನು ಚೀಲದಲ್ಲಿ ತುರುಕಿಡದೆ ಅಂದೇ ಒಗೆಯಬೇಕು. ಒಳಉಡುಪುಗಳನ್ನು ನಾಚಿಕೆಯಿಂದ ಸೀರೆಯ ಕೆಳಗೆ ಬಚ್ಚಿಟ್ಟು ಒಣಗಿಸುವ ರೂಢಿಯನ್ನು ಬಿಡತಕ್ಕದ್ದು; ಅರೆಹಸಿಯಾದದ್ದನ್ನು ತೊಡುವದರಿಂದಲೇ ಗಜಕರ್ಣದಂಥ ಚರ್ಮರೋಗಗಳು ಬಲಿಯುತ್ತವೆ. ಬಯಲು ಗಾಳಿಯಲ್ಲಿ ಪೂರ್ತಿ ಒಣಗಿಸಿರಿ. ಆದ್ದರಿಂದ ಬೆಲೆಬಾಳುವ ಒಂದೇ ಜೊತೆಗಿಂತ ಸಾಧಾರಣ ಬೆಲೆಯ ಎರಡು ಜೊತೆಗಳು ಲೇಸು.

ಪಾಲಕರಲ್ಲಿ ನನ್ನ ಕಡೆಯ ಬಿನ್ನಹವಿಷ್ಟೆ: ಉಡುಪು ಕೊಳ್ಳುವಾಗ ಮಗಳನ್ನು ಕರೆದುಕೊಂಡು ಹೋಗಿರಿ. ತೊಟ್ಟ ಮೇಲೆ ಮೂರು ಸಲ ಕುಕ್ಕರಿಸಿ ಏಳಲಿ, ಎರಡೂ ಕೈಗಳನ್ನು ಮೇಲೆತ್ತಲಿ, ಹತ್ತು ಹೆಜ್ಜೆ ಓಡಲಿ. ಅವಳ ಕೈ ಒಂದು ಸಲವೂ ಅರಿವೆಯ ಕಡೆಗೆ ಹೋಗದಿದ್ದರೆ ಹಣ ಕೊಟ್ಟು ತನ್ನಿರಿ. ಮೈ ಗಟ್ಟಿಯಾಗಬೇಕಾದ ಹದಿಮೂರು ಹದಿನಾಲ್ಕರ ವಯಸ್ಸು ಮರಳಿ ಬರುವದಿಲ್ಲ. ಅದನ್ನು ನೆರಳಿನಲ್ಲಿ ಕುಳಿತು ಕಳೆಯುವಂತೆ ಮಾಡುವದು ಒಂದು ಕೆಟ್ಟ ಹೊಲಿಗೆಯೇ ಆಗಿದ್ದರೆ, ಅದನ್ನು ತಿದ್ದುವದು ನಮ್ಮೆಲ್ಲರ ಕೈಯಲ್ಲಿದೆ.