ಪೆನ್‌ಡ್ರೈವ್‌ಗೆ ಹಾಡು ತುಂಬಿಸೋ ಮುನ್ನ ಅಂಗಡಿಕಾರರು ಇದನ್ನ ಓದಿ

ನವಿಲುತೀರ್ಥ: ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂದರೆ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರ್‌ನಲ್ಲಿ ಹಾಡು ಇರಲೇಬೇಕು. ಮೊಬೈಲ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟರೆ ದೇವಿ ಹಾಡು, ಜಾನಪದ, ಹೊಸ ಸಿನಿಮಾ ಎಲ್ಲಾ ತುಂಬಿ ಕೊಡ್ತಾರೆ. ಇದು ತಪ್ಪಾ?

‘ಯಲ್ಲಮ್ಮನ ಹಾಡಿಗೆ ಯಾರ ಮಾಲೀಕರು?’ ಅನ್ನೋ ಮಾತು ಅರ್ಧ ಖರೆ. ತಲೆಮಾರಿನಿಂದ ಬಂದ ಚೌಡಕಿ ಪದವನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದರ ರೆಕಾರ್ಡಿಂಗ್‌ಗೆ ಮಾಲೀಕರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಆ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ.

ಗೊತ್ತಿದ್ದೂ ಅನುಮತಿ ಇಲ್ಲದೆ ಕಾಪಿ ಮಾಡಿ ಮಾರಿದರೆ ಕಲಂ 63ರಡಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂ. ದಂಡ. ರಾಜ್ಯದ ಗೂಂಡಾ ಕಾಯ್ದೆ ವ್ಯಾಪ್ತಿಗೂ ವಿಡಿಯೊ, ಆಡಿಯೊ ಪೈರಸಿ ಮಾಡುವವರು ಬರುತ್ತಾರೆ.

ಕಾನೂನು ಬದಿಗಿರಲಿ. ದೊಡ್ಡ ನಟನ ಸಿನಿಮಾ ಕಾಪಿ ಮಾಡಿದರೆ ‘ಅವರಿಗೇನ ಕಡಿಮಿ ಆಗತೈತಿ’ ಅಂತೀವಿ. ನಮ್ಮ ಕಡೆಯ ಜಾನಪದ ಕಲಾವಿದರು ಕೈಯಿಂದ ರೊಕ್ಕ ಹಾಕಿ ಹಾಡು ಮಾಡ್ತಾರೆ. ಅವರ ಚಾನೆಲ್‌ನಲ್ಲೇ ಕೇಳಿದರೆ ನಾಕು ಕಾಸು ಅವರಿಗೆ ಸಿಗಬಹುದು. ಪೆನ್‌ಡ್ರೈವ್ ತುಂಬಿಸಿದ ರೊಕ್ಕ ಅಂಗಡಿಯಲ್ಲೇ ಉಳಿಯುತ್ತದೆ.

ಏನು ಮಾಡಬೇಕು? ಗಿರಾಕಿಗೆ ಕಾಪಿ ಬದಲು ಅಧಿಕೃತ ಲಿಂಕ್ ಕಳಿಸಿ. ಹಾಡು ತುಂಬಿಸಲೇಬೇಕೆಂದರೆ ಹಾಡಿದವರನ್ನು ಕೇಳಿ, ಅವರು ಹಕ್ಕನ್ನು ಕಂಪನಿಗೆ ಮಾರಿದ್ದರೆ ಕಂಪನಿಯನ್ನು ಕೇಳಿ. ಒಪ್ಪಿಗೆ ಬರಹದಲ್ಲಿರಲಿ.