ದವಡೆ ನೋವೇ? ಹಲ್ಲು ಕೀಳಿಸುವ ಮೊದಲು ನುಂಗುವುದನ್ನು ಗಮನಿಸಿ

ತೇನಿ: ಕೆನ್ನೆ, ದವಡೆ, ಕಿವಿಯ ಮುಂಭಾಗದಲ್ಲಿ ತಿಂಗಳುಗಟ್ಟಲೆ ನೋವು. ಹುಳುಕು ಹಲ್ಲು ಅಂದ್ಕೊಂಡು ಹಲ್ಲು ಕೀಳಿಸಿದ್ದೂ ಆಯ್ತು, ನೋವು ಮಾತ್ರ ಹೋಗಿಲ್ಲ. ಇಂಥವರು ಊರೂರಲ್ಲೂ ಇದ್ದಾರೆ. ನೋವು ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಅದರ ಮೂಲ ಹಲ್ಲಿನಲ್ಲೇ ಇರಬೇಕೆಂದಿಲ್ಲ. ಅಗಿಯುವ, ನುಂಗುವ ಸ್ನಾಯುಗಳಲ್ಲೂ ಇರಬಹುದು.

ದಿನಕ್ಕೆ ಸುಮಾರು 600 ಗುಟುಕು

ಊಟ, ನೀರು, ಜೊಲ್ಲು ಎಲ್ಲ ಸೇರಿ ಮನುಷ್ಯ ದಿನಕ್ಕೆ ಸುಮಾರು 600 ಸಲ ನುಂಗುತ್ತಾನೆ. ಪ್ರತಿ ಸಲವೂ ನಾಲಿಗೆ ಅಂಗುಳಕ್ಕೆ ಒತ್ತುತ್ತದೆ. ಗದ್ದದ ಕೆಳಗಿನ ಸ್ನಾಯುಗಳು ಗಂಟಲಿನ ಹಯಾಯ್ಡ್ ಮೂಳೆಯನ್ನು ಮೇಲಕ್ಕೆಳೆಯುತ್ತವೆ. ಆಗ ಕೆಳದವಡೆ ಅಲುಗದಂತೆ ಕೆನ್ನೆಯ ಮ್ಯಾಸೆಟರ್, ಕಣತಲೆಯ ಟೆಂಪೊರಾಲಿಸ್ ಸ್ನಾಯುಗಳು ಹಿಡಿದುಕೊಳ್ಳುತ್ತವೆ. ಇವುಗಳನ್ನು ಆಡಿಸುವುದು ಟ್ರೈಜೆಮಿನಲ್ ನರ. ಮುಖದ ನೋವನ್ನು ಮಿದುಳಿಗೆ ಮುಟ್ಟಿಸುವುದೂ ಅದೇ.

ಹಾಗಾದರೆ ನುಂಗುವುದರಿಂದ ನೋವೋ, ನೋವಿನಿಂದ ನುಂಗುವ ರೀತಿ ಕೆಟ್ಟಿತೋ? ನೋವಿನಿಂದ ಬಿಗಿತ, ಬಿಗಿತದಿಂದ ಮತ್ತೆ ನೋವು ಎಂದು ಹಿಂದೆ ನಂಬಲಾಗಿತ್ತು. 1991ರಲ್ಲಿ ಲುಂಡ್ ಮತ್ತು ಸಂಗಡಿಗರು ಬೇರೆ ಮಾತು ಹೇಳಿದರು: ನೋವಿದ್ದಾಗ ದೇಹವೇ ಚಲನೆಯನ್ನು ತಗ್ಗಿಸಿ ಸ್ನಾಯುವನ್ನು ಕಾಪಾಡಿಕೊಳ್ಳುತ್ತದೆ. ಹೀಗಾಗಿ ಸ್ನಾಯುವಿನ ಚಟುವಟಿಕೆ ಅಳೆಯುವ ಇಎಂಜಿ ಪರೀಕ್ಷೆಯೊಂದರಿಂದಲೇ ಕಾಯಿಲೆ ತೀರ್ಮಾನ ಆಗದು. ದವಡೆ ಒತ್ತಿ, ಬಾಯಿ ತೆರೆಸಿ ನೋಡಲೇಬೇಕು.

ಅಡಿಕೆಯ ಕಾಟ

ಕಂಬಂ ಕಣಿವೆಯಲ್ಲಿ ಇನ್ನೊಂದು ಕಾರಣವನ್ನು ಮರೆಯುವಂತಿಲ್ಲ. ಕನ್ನಡ ಮನೆಮಾತಿನ ಒಕ್ಕಲಿಗರ ಮನೆಗಳಿರಲಿ, ಜೀಪು ಹತ್ತಿ ಕುಮಳಿ, ಬೋಡಿಮೆಟ್ಟು ಕಡೆಯ ಏಲಕ್ಕಿ ತೋಟಕ್ಕೆ ಹೋಗುವ ಕೂಲಿಯವರಿರಲಿ, ಎಲೆ ಅಡಿಕೆ ಹೊಸದಲ್ಲ. ಅಡಿಕೆ ಜಗಿದು ಜಗಿದು ಬಾಯಿಯ ಒಳಪದರ ನಾರಿನಂತೆ ಗಟ್ಟಿಯಾಗುವ ಕಾಯಿಲೆಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಖಾರ ತಿಂದರೆ ಉರಿ, ಬಾಯಿ ತೆರೆಯದು, ಬಲಿತರೆ ನುಂಗುವುದೂ ಕಷ್ಟ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ತಮಿಳುನಾಡು ಸರಕಾರ 2013ರಲ್ಲಿ ಗುಟ್ಕಾ, ಪಾನ್ ಮಸಾಲೆ ನಿಷೇಧಿಸಿತು. ಆದರೆ ಮನೆಯ ಎಲೆತಟ್ಟೆಗೆ ನಿಷೇಧವಿಲ್ಲ.

ಏನು ಮಾಡಬೇಕು?

ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯಲ್ಲಿ ನಿಲ್ಲಿಸಿ ನೋಡಿ. ಹಿಡಿಸದಿದ್ದರೆ ತೋರಿಸಿಕೊಳ್ಳಿ. ಸುಮ್ಮನಿದ್ದಾಗ ತುಟಿ ಕೂಡಿರಲಿ, ಹಲ್ಲು ಹಲ್ಲಿಗೆ ತಾಗದಿರಲಿ. ಬಿಸಿ ಬಟ್ಟೆ ಶಾಖ, ಕೆಲ ದಿನ ಮೆತ್ತನೆ ಊಟ ಸ್ನಾಯುನೋವಿಗೆ ಎಷ್ಟೋ ಆರಾಮ ಕೊಡುತ್ತದೆ.

ನುಂಗಿದಾಗಲೆಲ್ಲ ಗಂಟಲಿಂದ ಕಿವಿಗೆ ಶಾಕ್ ಹೊಡೆದಂತಾದರೆ ಅದು ನರದ ನೋವಿರಬಹುದು. ಕಿವಿಯ ಕೆಳಗಿನ ಸ್ಟೈಲಾಯ್ಡ್ ಮೂಳೆ ಉದ್ದ ಬೆಳೆದರೂ ನುಂಗುವಾಗ ನೋವು ಬರುತ್ತದೆ. 1937ರಲ್ಲಿ ಇದನ್ನು ವಿವರಿಸಿದ ವೈದ್ಯ ಈಗಲ್ ಹೆಸರೇ ಕಾಯಿಲೆಗೂ ಬಂದಿದೆ. ಎರಡು ವಾರವಾದರೂ ಮಾಯದ ಬಾಯಿಹುಣ್ಣು, ಕುತ್ತಿಗೆಯ ಗಂಟು, ತೂಕ ಇಳಿಕೆ ಇದ್ದರೆ ಒಂದು ದಿನವೂ ತಡ ಮಾಡಬಾರದು. ತೇನಿ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕೆ. ವಿಲಕ್ಕಿನಲ್ಲಿದೆ. ದಿಂಡಿಗಲ್‌ನಲ್ಲೂ 2022ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾಗಿದೆ.