ಆರೈಕೆಯ ಖರ್ಚು: ಮೊದಲೇ ಕೇಳಿ, ಬರೆದಿಡಿ



ಪಾರ್ಶ್ವವಾಯು ಆದವರು, ತೊಡೆಯ ಮೂಳೆ ಮುರಿದ ಹಿರಿಯರು ಡಿಸ್ಚಾರ್ಜ್ ಆಗಿ ಮನೆಗೆ ಹೊರಟ ದಿನ ಆಸ್ಪತ್ರೆಯ ಬಿಲ್ಲು ಮುಗಿಯುತ್ತದೆ, ಆರೈಕೆಯ ಖರ್ಚು ಶುರುವಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಇರುವುದು ಆಸ್ಪತ್ರೆಯ ಚಿಕಿತ್ಸೆಗೆ. ಮನೆಯಲ್ಲಿ ಸ್ನಾನ ಮಾಡಿಸುವ, ಮಗ್ಗುಲು ಬದಲಿಸುವ ಆಯಾಗೆ ಅದರಿಂದ ಹಣ ಸಿಗುವುದಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಹಾಸಿಗೆ ಹಿಡಿದವರ ಡೈಪರಿಗೂ ಸಾಲದು.

ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಹೋಂ ನರ್ಸ್ ಕಳುಹಿಸುವ ಏಜೆನ್ಸಿಗಳಲ್ಲಿ ಅಂಥ ಫಲಕ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ಸಂಕೋಚಪಡದೆ ನೀವೇ ಕೇಳಬೇಕು. ನೋಂದಣಿ ಶುಲ್ಕ ಎಷ್ಟು? ಆಯಾ ಅರ್ಧದಲ್ಲೇ ಬಿಟ್ಟುಹೋದರೆ ಮುಂಗಡ ವಾಪಸು ಬರುತ್ತದೆಯೇ? ಅವರ ಊಟ, ರಜೆ ಯಾರ ಲೆಕ್ಕ? ಮುಖ್ಯವಾಗಿ, ನೀವು ಕೊಡುವ ಹಣದಲ್ಲಿ ಅವರ ಕೈಗೆ ಸೇರುವುದೆಷ್ಟು? ಕಾಯಕ ಮಾಡಿದವರಿಗೆ ಕೂಲಿ ಸರಿಯಾಗಿ ಸೇರದಿದ್ದರೆ ಅವರು ನಿಲ್ಲುವುದಿಲ್ಲ, ಕಷ್ಟ ರೋಗಿಗೇ. ವೃದ್ಧಾಶ್ರಮವಾದರೆ ಠೇವಣಿ ಯಾವಾಗ, ಯಾರಿಗೆ ಹಿಂತಿರುಗುತ್ತದೆ ಎಂಬುದನ್ನು ಬರೆಸಿಕೊಳ್ಳಿ. ಪ್ರತಿ ತಿಂಗಳೂ ರಸೀದಿ ಪಡೆಯಿರಿ.

ಇನ್ನು ಮನೆಯೊಳಗಿನ ಲೆಕ್ಕ. ಅಣ್ಣ ದುಡ್ಡು ಕಳಿಸುತ್ತಾನೆ, ತಂಗಿ ಕೆಲಸ ಬಿಟ್ಟು ತಾಯಿಯನ್ನು ನೋಡಿಕೊಳ್ಳುತ್ತಾಳೆ. ಆರು ತಿಂಗಳಾದ ಮೇಲೆ ಒಬ್ಬರ ಮೇಲೊಬ್ಬರಿಗೆ ಅನುಮಾನ. ಜಗಳ ತಾಯಿಯ ಮಂಚದ ಪಕ್ಕದಲ್ಲೇ ನಡೆಯುತ್ತದೆ, ಮಾತು ನಿಂತಿದ್ದರೂ ಆಕೆಗೆ ಕಿವಿ ಕೇಳುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಖರ್ಚನ್ನೂ, ಯಾರು ಎಷ್ಟು ರಾತ್ರಿ ಎದ್ದಿದ್ದರೆಂಬುದನ್ನೂ ಬರೆಯಿರಿ. ನಿದ್ದೆಗೆಟ್ಟದ್ದೂ ಖರ್ಚೇ. ನಂಬಿಕೆಯಿದ್ದ ಮೇಲೆ ಲೆಕ್ಕವೇಕೆ ಎನ್ನಬೇಡಿ. ಜಿನನಾಥಪುರದ ನೆರೆಯ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಹಾಲಿನ ಅಭಿಷೇಕಕ್ಕೆ ಯಾರು ಎಷ್ಟು ಗದ್ಯಾಣ ಕೊಟ್ಟರು, ಅದರ ಬಡ್ಡಿಯಿಂದ ಎಷ್ಟು ಹಾಲು ಸಲ್ಲಬೇಕು ಎಂಬುದನ್ನೂ ಹಿಂದಿನವರು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಭಕ್ತಿಗೆ ಅದರಿಂದ ಕೊರತೆಯಾಗಲಿಲ್ಲ.

ಹಿರಿಯರಿಗೆ ಒಂದು ಮಾತು. ಜಮೀನು ಮಕ್ಕಳಿಗೆ ದಾನಪತ್ರ ಮಾಡುವಾಗ "ನಮ್ಮನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಷರತ್ತು ಮುರಿದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಪತ್ರವನ್ನು ರದ್ದುಪಡಿಸಲು ಅವಕಾಶವಿದೆ. ಜೀವನಾಂಶಕ್ಕೆ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಆದೇಶಿಸುವ ಅಧಿಕಾರ ಅವರಿಗಿದೆ. ಹೆಚ್ಚಿನ ಮಾಹಿತಿಗೆ ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567.